ಒಂಟಿ ರಾಜನ ನ್ಯಾಯ

ಚದುರಂಗದಲ್ಲಿ ಬಲವು ಹೆಚ್ಚಿದವನೇ ಗೆಲ್ಲುವನೆಂಬುದು ಲೋಕದ ಸಾಮಾನ್ಯ ನಂಬಿಕೆ. ಆದರೆ ಆಟದ ಕೊನೆಯ ಘಟ್ಟದಲ್ಲಿ ಈ ನಂಬಿಕೆಯು ಯಾವಾಗಲೂ ನಿಲ್ಲುವುದಿಲ್ಲ. ಒಂದು ಪಕ್ಷದಲ್ಲಿ ರಾಜನೂ ಒಂದು ಕುದುರೆಯೂ ಉಳಿದಿವೆ. ಎದುರು ಪಕ್ಷದಲ್ಲಿ ರಾಜನೊಬ್ಬನೇ. ಮೊದಲನೆಯವನ ಬಲವು ಹೆಚ್ಚೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅವನು ಗೆಲ್ಲಲಾರನು. ಹೀಗೆ ಗೆಲುವಿಗೆ ಸಾಲದ ಬಲವುಳಿದ ಆಟವನ್ನು ತೀರ್ಮಾನಿಸುವುದೆಂತು? ಈ ಪ್ರಶ್ನೆಗೆ ದೇಶಕಾಲಭೇದದಿಂದ ಬೇರೆ ಬೇರೆ ಉತ್ತರಗಳು ಬಂದಿವೆ.

ಕನ್ನಡ ನಾಡಿಗೆ ಈ ಆಟವು ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದ ಐದನೆಯ ವಿಂಶತಿಯಲ್ಲಿ ಚತುರಂಗದ ವಿವರಣೆಯಿದೆ. ರಾಜನಾದವನು ತಿಳಿದಿರಬೇಕಾದ ವಿನೋದಗಳಲ್ಲಿ ಇದೂ ಒಂದೆಂದು ಆತನ ಮತ.

ಪ್ರಾಚೀನರ ಆಟದಲ್ಲಿ ಮಂತ್ರಿಯು ಇಂದಿನಂತೆ ಪ್ರಬಲನಾಗಿರಲಿಲ್ಲ. ಅರಬರು ಆಡುತ್ತಿದ್ದ ‘ಶತ್ರಂಜ್’ ಎಂಬ ರೂಪದಲ್ಲಿ ಅವನು ಮೂಲೆಗೆ ಒಂದೇ ಮನೆ ನಡೆಯುತ್ತಿದ್ದನು. ಹಲಗೆಯ ಅರವತ್ತನಾಲ್ಕು ಮನೆಗಳಲ್ಲಿ ಮೂವತ್ತೆರಡಕ್ಕೆ ಮಾತ್ರ ಅವನ ಪ್ರವೇಶ. ಇಂದು ಒಂಟೆಯು ನಿಲ್ಲುವ ಸ್ಥಾನದ ಕಾಯಿಯಾದರೋ ಎಂಟೇ ಮನೆಗಳನ್ನು ಮುಟ್ಟಬಲ್ಲುದಾಗಿದ್ದಿತು. ಇಂತಹ ದುರ್ಬಲ ಪರಿವಾರದಿಂದ ರಾಜನನ್ನು ಕಟ್ಟಿಹಾಕುವುದು ಕಷ್ಟ. ಆದುದರಿಂದ ಅರಬರು, ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ರಾಜನನ್ನು ಒಂಟಿ ಮಾಡಿದರೆ ಅದೂ ಗೆಲುವೇ ಎಂದು ಎಣಿಸಿದರು. ಆ ಒಂಟಿ ರಾಜನು ಮರುನಡೆಯಲ್ಲಿಯೇ ಎದುರು ರಾಜನನ್ನೂ ಒಂಟಿ ಮಾಡಿದರೆ ಮಾತ್ರ ಆಟವು ಸಮ.

ಭರತಖಂಡದಲ್ಲಿ ಬೇರೊಂದು ನ್ಯಾಯವೂ ಇದ್ದಿತು. ಹದಿನಾರನೆಯ ಶತಮಾನದ ವಂಗದೇಶದ ಸ್ಮೃತಿಕಾರ ರಘುನಂದನನ ‘ತಿಥಿತತ್ತ್ವ’ದಲ್ಲಿ ನಾಲ್ವರು ಪಗಡೆಯ ದಾಳವನ್ನುರುಳಿಸಿ ಆಡುವ ಚತುರಂಗದ ವರ್ಣನೆ ಬಂದಿದೆ. ಅಲ್ಲಿ ಸೈನ್ಯವೆಲ್ಲ ಅಳಿದು ರಾಜನೊಬ್ಬನೇ ಉಳಿದ ಸ್ಥಿತಿಗೆ ‘ಕಾಕಕಾಷ್ಠ’ವೆಂದು ಹೆಸರು, ಅದು ಜಯವೂ ಅಲ್ಲ, ಅಪಜಯವೂ ಅಲ್ಲ. ಪರಿವಾರವನ್ನು ಕಳೆದುಕೊಂಡವನು ಸೋತವನೆಂದು ಅರಬರು ತೀರ್ಪಿತ್ತರು. ರಾಜನು ಸಿಕ್ಕಿಬೀಳುವವರೆಗೆ ಸೋಲಿಲ್ಲವೆಂದು ಈ ಪಕ್ಷದವರು ತೀರ್ಪಿತ್ತರು.

ಹದಿನೈದನೆಯ ಶತಮಾನದ ಕೊನೆಯಲ್ಲಿ ಐರೋಪ್ಯರು ಮಂತ್ರಿಗೂ ಒಂಟೆಗೂ ದೂರ ನಡೆಯುವ ಶಕ್ತಿಯನ್ನಿತ್ತರು. ಷಹಮಾತ್ ಸುಲಭವಾಯಿತು; ಒಂಟಿ ಮಾಡಿ ಗೆಲ್ಲುವ ನಿಯಮವು ಕ್ರಮೇಣ ಲೋಪವಾಯಿತು. ಅಂದಿನಿಂದ ‘ಎಷ್ಟು ಬಲವಿದೆ’ ಎಂಬುದಕ್ಕಿಂತ ‘ಇರುವ ಬಲವು ಸಾಲುವುದೇ’ ಎಂಬುದೇ ಮುಖ್ಯ ಪ್ರಶ್ನೆಯಾಯಿತು.

ಒಂದೇ ಒಂಟೆಯು ಸಾಲದೆಂಬುದಕ್ಕೆ ಯುಕ್ತಿಯು ಸರಳ. ರಾಜನಿಗೆ ಅತ್ಯಂತ ಇಕ್ಕಟ್ಟಾದ ಸ್ಥಳವು ಹಲಗೆಯ ಮೂಲೆ. ಅಲ್ಲಿಯೂ ಅವನಿಗೆ ಮೂರು ನೆರೆಮನೆಗಳುಂಟು. ಒಂಟೆಯು ಷಹ ಹೇಳಿದಾಗ ಮೂಲೆಯ ಬಣ್ಣದ ಒಂದು ನೆರೆಮನೆಯನ್ನು ತಡೆಯುವುದು. ಬೇರೆ ಬಣ್ಣದ ಎರಡನ್ನೂ ಎದುರು ರಾಜನೇ ಏಕಕಾಲದಲ್ಲಿ ತಡೆಯಬೇಕು, ಹಾಗೆ ತಡೆಯಬೇಕಾದರೆ ಅವನು ಮೂಲೆಯ ರಾಜನ ಮಗ್ಗುಲಿಗೇ ಬರಬೇಕು, ಅದು ನಿಷಿದ್ಧ. ಕುದುರೆಯ ಸ್ಥಿತಿಯು ಇನ್ನೂ ಹೀನ. ಮೂಲೆಗೆ ಷಹ ಹೇಳುವ ಕುದುರೆಯು ಆ ಮೂರು ನೆರೆಮನೆಗಳಲ್ಲಿ ಒಂದನ್ನೂ ತಡೆಯದು. ಒಂಟೆಯೂ ಕುದುರೆಯೂ ಕೂಡಿದರೆ ಗೆಲುವು ಸಾಧ್ಯ. ಆದರೆ ಒಂಟೆಯ ಬಣ್ಣದ ಮೂಲೆಗೇ ರಾಜನನ್ನು ಅಟ್ಟಬೇಕು.

ಎರಡು ಕುದುರೆಗಳ ಕಥೆಯು ಎಲ್ಲಕ್ಕಿಂತ ವಿಚಿತ್ರವಾದುದು. ಅವು ಷಹಮಾತ್ ಮಾಡುವ ನೆಲೆಗಳಿವೆ. ಎದುರಾಳಿಯು ತಪ್ಪದಿದ್ದರೆ ಬಲಾತ್ಕಾರದಿಂದ ಅದನ್ನು ಸಾಧಿಸಲಾಗದು. ಬಲೆಯನ್ನು ಬಿಗಿಯುವ ಹೊತ್ತಿಗೆ ಒಂಟಿ ರಾಜನಿಗೆ ನಡೆಯೇ ಇಲ್ಲದಂತಾಗಿ ಆಟವು ಸಮವಾಗುವುದು. ಆದರೆ ಅವನಲ್ಲಿ ಒಂದು ಪದಾತಿಯು ಉಳಿದಿದ್ದರೆ, ಆ ಪದಾತಿಗೆ ನಡೆಯಿರುವುದರಿಂದಲೇ ಕೆಲವೆಡೆ ಅವನು ಸೋಲುವನು! ರಷ್ಯಾದ ಅಲೆಕ್ಸೀ ತ್ರೋಯಿತ್ಸ್ಕಿ (1866–1942) ಈ ವಿಷಯವನ್ನು ಬಹುಕಾಲ ಶೋಧಿಸಿ, ಪದಾತಿಯು ಯಾವ ರೇಖೆಯನ್ನು ದಾಟುವ ಮುನ್ನ ತಡೆಯಲ್ಪಟ್ಟರೆ ಗೆಲುವು ನಿಶ್ಚಯವೆಂಬುದನ್ನು ನಿರ್ಣಯಿಸಿದನು. ಬಡವನ ಕೈಯಲ್ಲುಳಿದ ಕಡೆಯ ಆಸ್ತಿಯೇ ಅವನಿಗೆ ಉರುಳಾಗುವ ಪರಿಯಿದು.

ಈ ಕುದುರೆಯಲ್ಲಿ ವಿಶೇಷ ಪ್ರೀತಿಯನ್ನಿಟ್ಟವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲು. ಹನ್ನೆರಡು ಸಾಲಿನ ಹಲಗೆಯ ನೂರನಲವತ್ತನಾಲ್ಕು ಮನೆಗಳನ್ನೂ ಕುದುರೆಯು ಒಂದೊಂದು ಸಲವೇ ಮುಟ್ಟುವಂತೆ, ಆ ನಡೆಗಳ ಅಂಕಿಗಳಿಂದ ಮಾಯಾಚೌಕವೂ ಆಗುವಂತೆ ಅವರು ರಚಿಸಿದ ಬಂಧವು ಗಣಿತಜ್ಞರಲ್ಲಿ ಪ್ರಸಿದ್ಧವಾಗಿದೆ. 1831ರಲ್ಲಿ ಕಂಪನಿಯವರು ಅವರಿಂದ ಆಡಳಿತವನ್ನು ಕಿತ್ತುಕೊಂಡು ಬೆಂಗಳೂರಿನಲ್ಲಿ ಕಮಿಷನರನನ್ನು ಕೂರಿಸಿದರು. ಸೇನೆ, ಬೊಕ್ಕಸ, ಆಜ್ಞೆ ಎಲ್ಲವೂ ಪರಾಧೀನವಾದುವು, ಸಿಂಹಾಸನವೊಂದು ಉಳಿಯಿತು. ಅರಬರ ನ್ಯಾಯದಂತೆ ಅದು ಸೋಲು. ಕಾಕಕಾಷ್ಠದ ನ್ಯಾಯದಂತೆ ಆಟವು ಮುಗಿದಿರಲಿಲ್ಲ. ರಾಜ್ಯವನ್ನು ಮರಳಿ ಕೊಡಬೇಕೆಂದು ಅವರು ಕೊನೆಯವರೆಗೂ ಬಿನ್ನವಿಸುತ್ತಲೇ ಇದ್ದರು. ಅವರು ಗತಿಸಿದ ತರುವಾಯ 1881ರಲ್ಲಿ ರಾಜ್ಯವು ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರ ಕೈಸೇರಿತು. ಆದರೆ ಬೆಂಗಳೂರಿನ ದಂಡುಪ್ರದೇಶವು 1947ರವರೆಗೆ ಬ್ರಿಟಿಷರ ವಶದಲ್ಲಿಯೇ ಇದ್ದಿತು.

1924ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆಯ ಇಂದಿನ ನಿಯಮದಂತೆ, ಯಾವ ನಡೆಗಳಿಂದಲೂ ಷಹಮಾತ್ ಆಗಲಾರದ ಸ್ಥಿತಿಯೊದಗಿದೊಡನೆ ಆಟವು ಸಮವಾಗಿ ಮುಗಿಯುವುದು. ಗಡಿಯಾರದ ಕಾಲವು ತೀರಿದವನೂ, ಎದುರಾಳಿಯ ಬಲದಿಂದ ಷಹಮಾತ್ ಅಸಾಧ್ಯವಾದರೆ ಸೋಲುವುದಿಲ್ಲ. ದಂಡುಪ್ರದೇಶಕ್ಕೆ ಪೂರ್ವದಲ್ಲಿ ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ನಗರದೊಳಗೆ ಸೇರಿರುವ ಮಾರತ್ತಹಳ್ಳಿಯಲ್ಲಿ ಹಲಗೆಯ ಮುಂದೆ ಕುಳಿತ ಬಾಲಕನಿಗೂ ಜಗಜ್ಜಟ್ಟಿಗೂ ಈ ನ್ಯಾಯವು ಒಂದೇ. ಮಕ್ಕಳಿಗೆ ಆಟವನ್ನು ಕಲಿಸುವ ಹಿರಿಯರು ಹೊಡೆಯುವುದನ್ನು ಮೊದಲು ಕಲಿಸುವರು. ಎಲ್ಲವನ್ನೂ ಕಳೆದುಕೊಂಡಾಗಲೂ ಹಲಗೆಯನ್ನು ಬಿಟ್ಟೇಳದೆ, ಎದುರಾಳಿಯ ಬಲವು ಸಾಲುವುದೇ ಎಂದು ಎಣಿಸಿ ನೋಡುವುದನ್ನೂ ಅದರೊಡನೆಯೇ ಕಲಿಸತಕ್ಕದ್ದು.