ಕೊನಿಫಾ ವಿಶ್ವ ಫುಟ್ಬಾಲ್ ಕಪ್: ಮನ್ನಣೆಯಿಲ್ಲದ ನಾಡುಗಳ ಪಂದ್ಯಾವಳಿ

ಸ್ವಂತ ದೇಶವಿಲ್ಲದ ಜನಾಂಗಗಳು, ವಿಶ್ವಸಂಸ್ಥೆಯ ಮನ್ನಣೆ ಸಿಗದ ನಾಡುಗಳು, ಪರರ ಗಡಿಯೊಳಗೆ ಉಳಿದುಹೋದ ಭಾಷಾ ಅಲ್ಪಸಂಖ್ಯಾತರು, ನೆಲ ಕಳೆದುಕೊಂಡು ದೂರದ ಊರುಗಳಲ್ಲಿ ಬದುಕುತ್ತಿರುವ ನಿರಾಶ್ರಿತರು ಕೂಡಿ ಆಡುವ ಅಂತಾರಾಷ್ಟ್ರೀಯ ಫುಟ್ಬಾಲ್ ಪಂದ್ಯಾವಳಿ. 2014ರಲ್ಲಿ ಸ್ವೀಡನ್ನಿನ ಓಸ್ಟರ್‌ಸುಂಡ್‌ನಲ್ಲಿ, 2016ರಲ್ಲಿ ಅಬ್ಖಾಜಿಯಾದ ಸುಖುಮಿಯಲ್ಲಿ, 2018ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಇದೇ ಆಶಯದ ‘ವಿವಾ ವಿಶ್ವಕಪ್’ 2006ರಿಂದ 2012ರವರೆಗೆ ಐದು ಬಾರಿ ನಡೆದಿತ್ತು. ಈ ಎರಡು ಪಂದ್ಯಾವಳಿಗಳ ಚರಿತ್ರೆ ಒಂದೇ ಕಥೆಯ ಎರಡು ಅಧ್ಯಾಯ. ಆ ಕಥೆಯನ್ನು ಗೋಲುಗಳ ಲೆಕ್ಕದಲ್ಲಿ ಹೇಳುವುದಕ್ಕಿಂತ ವೀಸಾಗಳ ಲೆಕ್ಕದಲ್ಲಿ ಹೇಳುವುದೇ ಹೆಚ್ಚು ಸರಿ.

ವಿಶ್ವ ಫುಟ್ಬಾಲನ್ನು ಆಳುವ ಫಿಫಾ 1904ರಲ್ಲಿ ಹುಟ್ಟಿತು. ಅದರ ಸದಸ್ಯ ಸಂಸ್ಥೆಗಳು 211. ವಿಶ್ವಸಂಸ್ಥೆಯ ಸದಸ್ಯ ದೇಶಗಳು 193. ಸ್ವತಂತ್ರ ದೇಶವಾದರೆ ಮಾತ್ರ ತಂಡ ಎಂಬ ನಿಯಮ ಫುಟ್ಬಾಲಿನಲ್ಲಿ ಎಂದೂ ಬಿಗಿಯಾಗಿ ನಡೆದಿಲ್ಲ ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕ್ಷಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಸಂಸ್ಥೆಗಳು ಫಿಫಾಕ್ಕಿಂತ ಹಳೆಯವು. ಅವಕ್ಕೆ ಬೇರೆ ಬೇರೆ ತಂಡ ಉಳಿಯಿತು. ಡೆನ್ಮಾರ್ಕಿನ ಅಧೀನದ ಫೆರೋ ದ್ವೀಪಗಳಿಗೆ 1988ರಲ್ಲಿ ಬಾಗಿಲು ತೆರೆಯಿತು. ಅದೇ ಡೆನ್ಮಾರ್ಕಿನ ಅಧೀನದ ಗ್ರೀನ್‌ಲ್ಯಾಂಡಿಗೆ ತೆರೆಯಲಿಲ್ಲ. ಜಿಬ್ರಾಲ್ಟರ್ ವರ್ಷಗಟ್ಟಲೆ ಕ್ರೀಡಾ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದು 2016ರಲ್ಲಿ ಸದಸ್ಯತ್ವ ಪಡೆಯಿತು. ಕೊಸೊವೊ ಕೂಡ ಅದೇ ವರ್ಷ. ಜಾಂಜಿಬಾರನ್ನು 2017ರ ಮಾರ್ಚ್‌ನಲ್ಲಿ ಆಫ್ರಿಕಾದ ಒಕ್ಕೂಟ ಪೂರ್ಣ ಸದಸ್ಯನಾಗಿ ಸೇರಿಸಿಕೊಂಡು, ನಾಲ್ಕೇ ತಿಂಗಳಲ್ಲಿ ಹೊರಗಿಟ್ಟಿತು. ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದು. ಹೊರಗೆ ಉಳಿದವರು ತಮ್ಮದೇ ಅಂಗಳ ಹುಡುಕಿಕೊಂಡರು.

ಹುಡುಕಾಟ ಹೊಸದಲ್ಲ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಬಾಸ್ಕ್ ಆಟಗಾರರ ತಂಡವೊಂದು ಯುರೋಪ್ ಪ್ರವಾಸ ಹೊರಟಿತು. ಪ್ಯಾರಿಸ್‌ನಲ್ಲಿ ಅದರ ಮೊದಲ ಪಂದ್ಯ ನಡೆದದ್ದು 1937ರ ಏಪ್ರಿಲ್ 26ರಂದು. ಅದೇ ದಿನ ಅವರ ನಾಡಿನ ಗೆರ್ನಿಕಾ ಪಟ್ಟಣದ ಮೇಲೆ ಬಾಂಬಿನ ಮಳೆ ಸುರಿಯಿತು. ಆ ತಂಡದವರು ಊರಿಗೆ ಮರಳಲಾಗದೆ ಮೆಕ್ಸಿಕೊ ತಲುಪಿ, ಅಲ್ಲಿನ ಲೀಗಿನಲ್ಲೇ ಆಡಿ, ಎರಡನೆಯ ಸ್ಥಾನ ಪಡೆದರು. ಎರಡು ದಶಕಗಳ ಬಳಿಕ, 1958ರ ಏಪ್ರಿಲ್‌ನಲ್ಲಿ, ರಶೀದ್ ಮೆಖ್ಲೂಫಿ, ಮುಸ್ತಫಾ ಜಿತೂನಿ ಮೊದಲಾದ ಅಲ್ಜೀರಿಯಾದ ಆಟಗಾರರು ಫ್ರೆಂಚ್ ಕ್ಲಬ್ಬುಗಳನ್ನು ಬಿಟ್ಟು ಗುಟ್ಟಾಗಿ ಟ್ಯೂನಿಸ್ ಸೇರಿದರು. ಇಬ್ಬರಿಗೂ ಆ ವರ್ಷದ ವಿಶ್ವಕಪ್ಪಿನಲ್ಲಿ ಫ್ರಾನ್ಸ್ ಪರ ಆಡುವ ಅವಕಾಶ ಕೈಯಳತೆಯಲ್ಲಿತ್ತು. ಅದನ್ನು ಒದ್ದು ಬಂದು, ಇನ್ನೂ ಹುಟ್ಟದ ದೇಶವೊಂದರ ಜೆರ್ಸಿ ತೊಟ್ಟರು. ಫಿಫಾ ಆ ತಂಡವನ್ನು ಒಪ್ಪಲಿಲ್ಲ. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾದಾಗ ಅದೇ ತಂಡ ರಾಷ್ಟ್ರೀಯ ತಂಡದ ಬೀಜವಾಯಿತು. ಬಾವುಟಕ್ಕಿಂತ ಮೊದಲು ತಂಡ ಹುಟ್ಟಬಹುದು ಎಂದು ತೋರಿಸಿಕೊಟ್ಟವರು ಇವರು.

ಇಂದಿನ ಪಂದ್ಯಾವಳಿಗೆ ನೇರ ಪೀಠಿಕೆಯಾದದ್ದು 2001ರ ಜೂನ್ 30ರಂದು ಕೋಪನ್‌ಹೇಗನ್ನಿನ ವಾನ್‌ಲೋಸ ಮೈದಾನದಲ್ಲಿ ಟಿಬೆಟ್ ಮತ್ತು ಗ್ರೀನ್‌ಲ್ಯಾಂಡ್ ಆಡಿದ ಪಂದ್ಯ. ಮೈಕೆಲ್ ನೈಬ್ರಾಂಟ್ ಎಂಬ ಡೇನಿಷ್ ತರುಣ ಅದನ್ನು ಏರ್ಪಡಿಸಿದ್ದ. ಚೀನಾ ಸುಮ್ಮನಿರಲಿಲ್ಲ. ಗ್ರೀನ್‌ಲ್ಯಾಂಡಿನ ಜೀವನಾಧಾರವೇ ಸಿಗಡಿ ರಫ್ತು. ಆ ವ್ಯಾಪಾರಕ್ಕೇ ಪೆಟ್ಟು ಬಿದ್ದೀತು ಎಂಬ ಬೆದರಿಕೆ ಬಂತು. ಆದರೂ ಪಂದ್ಯ ನಡೆಯಿತು. ಟಿಬೆಟ್ 1–4ರಿಂದ ಸೋತಿತು. ಸೋಲಿಗಿಂತ ದೊಡ್ಡ ಸಂಗತಿಯೊಂದು ಆ ಸಂಜೆ ನಡೆದಿತ್ತು: ಟಿಬೆಟ್ಟಿನ ಬಾವುಟ ಏರಿತು, ಅದರ ನಾಡಗೀತೆ ನುಡಿಯಿತು, ಹನ್ನೊಂದು ಜನ ಸಾಲಾಗಿ ನಿಂತು ಅದನ್ನು ಕೇಳಿದರು.

ಈ ತಂಡಕ್ಕೂ ನಮ್ಮ ನಾಡಿಗೂ ನಂಟಿದೆ. ಟಿಬೆಟ್ಟಿನ ಫುಟ್ಬಾಲ್ ಸಂಸ್ಥೆ ಇರುವುದು ಧರ್ಮಶಾಲೆಯಲ್ಲಿ. ಆಟಗಾರರು ಬರುವುದು ಭಾರತದ ಉದ್ದಗಲಕ್ಕೂ ಹಬ್ಬಿದ ನಿರಾಶ್ರಿತರ ನೆಲೆಗಳಿಂದ. ಆ ನೆಲೆಗಳಲ್ಲಿ ದೊಡ್ಡವು ಕರ್ನಾಟಕದಲ್ಲೇ ಇವೆ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ನೆಲೆಗಳು ಆಮೇಲೆ ಬಂದವು. ಅಲ್ಲಿ ಹುಟ್ಟಿ ಬೆಳೆದ ಹುಡುಗನ ಕೈಯಲ್ಲಿ ಪಾಸ್‌ಪೋರ್ಟಿನ ಬದಲು ಭಾರತ ಸರ್ಕಾರ ಕೊಡುವ ಹಳದಿ ರಟ್ಟಿನ ಗುರುತಿನ ಪುಸ್ತಕ ಇರುತ್ತದೆ. ವಿಮಾನ ನಿಲ್ದಾಣದಲ್ಲಿ ಆ ಪುಸ್ತಕ ಚಾಚಿದವನನ್ನು ಅಧಿಕಾರಿ ಎರಡು ಸಲ ನೋಡುತ್ತಾನೆ. ದೇಶವಿಲ್ಲದ ತಂಡ ಎಂದರೆ ಏನೆಂದು ತಿಳಿಯಲು ಆ ಪುಟ್ಟ ಪುಸ್ತಕವೇ ಸಾಕು.

2003ರ ಡಿಸೆಂಬರ್ 12ರಂದು ಬ್ರಸೆಲ್ಸ್‌ನಲ್ಲಿ ಎನ್.ಎಫ್. ಬೋರ್ಡ್ ಎಂಬ ಒಕ್ಕೂಟ ಹುಟ್ಟಿತು. ಆಟಗಾರರ ವರ್ಗಾವಣೆಯ ನಿಯಮವನ್ನೇ ಬದಲಿಸಿದ ಬಾಸ್ಮನ್ ಮೊಕದ್ದಮೆಯ ವಕೀಲರಲ್ಲಿ ಒಬ್ಬರಾದ ಲುಕ್ ಮಿಸ್ಸೋಂ ಇದರ ಸ್ಥಾಪಕರಲ್ಲಿದ್ದರು. ಮೊದಲ ವಿವಾ ವಿಶ್ವಕಪ್ಪನ್ನು 2006ರಲ್ಲಿ ಉತ್ತರ ಸೈಪ್ರಸ್‌ನಲ್ಲಿ ನಡೆಸುವ ಯೋಚನೆಯಿತ್ತು. ಯಾರು ಬರಬಹುದು, ಯಾರು ಬಾರದು ಎಂಬ ತಕರಾರಿನಲ್ಲಿ ಅದು ಮುರಿದುಬಿತ್ತು. ಪಂದ್ಯಾವಳಿ ಫ್ರಾನ್ಸಿನ ದಕ್ಷಿಣ ತೀರದ ಇಯೇರ್ ಪಟ್ಟಣಕ್ಕೆ, ಆಕ್ಸಿಟಾನಿಯಾದ ಆತಿಥ್ಯಕ್ಕೆ ಹೋಯಿತು. ಕೊನೆಗೆ ಉಳಿದ ತಂಡಗಳು ನಾಲ್ಕು. ಅವುಗಳಲ್ಲೂ ದಕ್ಷಿಣ ಕ್ಯಾಮರೂನಿನವರು ವೀಸಾ ಸಿಗದೆ ಬರಲಾಗಲಿಲ್ಲ. ಫೈನಲಿನಲ್ಲಿ ಸಾಮಿ ಜನರ ತಂಡ ಸಾಪ್ಮಿ, ಮೊನಾಕೊವನ್ನು 21–1ರಿಂದ ಸೋಲಿಸಿತು. ಅತ್ತ ಉತ್ತರ ಸೈಪ್ರಸ್ ಅದೇ ವರ್ಷದ ನವೆಂಬರ್‌ನಲ್ಲಿ ತನ್ನದೇ ‘ಎಲ್ಫ್ ಕಪ್’ ನಡೆಸಿ, ಫೈನಲಿನಲ್ಲಿ ಕ್ರಿಮಿಯಾದ ತಾತಾರರನ್ನು ಸೋಲಿಸಿ ತಾನೇ ಗೆದ್ದುಕೊಂಡಿತು. ಹೊರಗಿಡಲ್ಪಟ್ಟವರ ನಡುವೆಯೂ ಹೊರಗಿಡುವ ಜಗಳ ಮೊದಲ ದಿನದಿಂದಲೇ ಇತ್ತು ಎಂಬುದನ್ನು ಮರೆಮಾಚಬೇಕಿಲ್ಲ.

ಮುಂದಿನ ಮೂರು ಕಪ್ಪುಗಳನ್ನು (2008, 2009, 2010) ಉತ್ತರ ಇಟಲಿಯ ಪಡಾನಿಯಾ ಗೆದ್ದಿತು. ಪಡಾನಿಯಾ ಎಂಬ ನಾಡಿನ ಕಲ್ಪನೆಯನ್ನು ಬೆಳೆಸಿದ್ದು ಉಂಬೆರ್ಟೊ ಬೊಸ್ಸಿಯ ಲೆಗಾ ನಾರ್ಡ್ ಪಕ್ಷ. ಇಟಲಿಯ ಸಿರಿವಂತ ಪ್ರಾಂತ್ಯಗಳ ರಾಜಕೀಯ ಬೇಡಿಕೆಯನ್ನು ಸುಡಾನಿನ ಡಾರ್ಫುರಿನ ನಿರಾಶ್ರಿತರ ನೋವಿನ ಪಕ್ಕದಲ್ಲಿ ಇಟ್ಟು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂಬ ಪ್ರಶ್ನೆಗೆ ಈ ಚಳವಳಿ ಇಂದಿಗೂ ಸಮಾಧಾನಕರ ಉತ್ತರ ಕೊಟ್ಟಿಲ್ಲ.

2012ರ ಕಪ್ಪು ನಡೆದದ್ದು ಇರಾಕಿನ ಕುರ್ದಿಸ್ತಾನದ ಎರ್ಬಿಲ್‌ನಲ್ಲಿ. ತುಂಬಿದ ಮೈದಾನದಲ್ಲಿ ನಡೆದ ಫೈನಲಿನಲ್ಲಿ ಕುರ್ದಿಸ್ತಾನ 2–1ರಿಂದ ಉತ್ತರ ಸೈಪ್ರಸ್ಸನ್ನು ಸೋಲಿಸಿತು. ಆದರೆ ಆ ಪಂದ್ಯಾವಳಿಯಲ್ಲಿ ನೆನಪಿಡಬೇಕಾದ ತಂಡ ಡಾರ್ಫುರಿನದು. ಸುಡಾನಿನ ಹತ್ಯಾಕಾಂಡದಿಂದ ತಪ್ಪಿಸಿಕೊಂಡು ಪೂರ್ವ ಚಾಡ್‌ನ ಶಿಬಿರಗಳಲ್ಲಿ ಬೆಳೆದ ಹುಡುಗರನ್ನು ಆರಿಸಿ, ಅಮೆರಿಕದ ಸ್ವಯಂಸೇವಕರು ಕಟ್ಟಿದ ತಂಡ ಅದು. ಅದುವರೆಗೆ ಮಣ್ಣಿನ ಬಯಲಲ್ಲಿ ಆಡಿದವರು ಎರ್ಬಿಲ್‌ನ ಹುಲ್ಲಿನ ಮೇಲೆ ರಾಶಿ ಗೋಲು ಬಿಟ್ಟುಕೊಟ್ಟರು. ಪಶ್ಚಿಮ ಸಹಾರಾದ ವಿರುದ್ಧ ಕೊನೆಗೂ ಒಂದು ಗೋಲು ಹೊಡೆದರು. ಡಾರ್ಫುರಿನ ಹೆಸರಿನಲ್ಲಿ ದಾಖಲಾದ ಮೊದಲ ಗೋಲು ಅದು.

ಎನ್.ಎಫ್. ಬೋರ್ಡ್ ಸೊರಗಿತು. 2013ರಲ್ಲಿ ಕೊನಿಫಾ ಎಂಬ ಹೊಸ ಒಕ್ಕೂಟ ಹುಟ್ಟಿತು. ಅದರ ಮೊದಲ ಅಧ್ಯಕ್ಷ ಪೆರ್-ಆಂಡರ್ಸ್ ಬ್ಲಿಂಡ್, ಸ್ವೀಡನ್ನಿನ ಸಾಮಿ ಸಮುದಾಯದವರು, ಹಿಮಸಾರಂಗ ಕಾಯುವ ಮನೆತನದಲ್ಲಿ ಹುಟ್ಟಿ ಫುಟ್ಬಾಲ್ ರೆಫ್ರಿಯಾದವರು. ಸಂಸ್ಥೆ ನಡೆಯುವುದು ಸಂಬಳವಿಲ್ಲದ ಸ್ವಯಂಸೇವಕರಿಂದ. ಸದಸ್ಯತ್ವದ ನಿಯಮಗಳಲ್ಲಿ ಒಂದನ್ನು ಕನ್ನಡದ ಓದುಗರು ಗಮನಿಸಬೇಕು: ಫಿಫಾದ ಹೊರಗಿರುವ ಸಮುದಾಯವೊಂದರ ಭಾಷೆ ಅಂತಾರಾಷ್ಟ್ರೀಯ ಭಾಷಾ ಸಂಕೇತಗಳ ಪಟ್ಟಿಯಲ್ಲಿದ್ದರೆ ಅಷ್ಟರಿಂದಲೇ ಅದು ಅರ್ಹ. ನೆಲ ಬೇಡ, ಸೇನೆ ಬೇಡ, ನುಡಿಯೊಂದಿದ್ದರೆ ತಂಡ ಕಟ್ಟಬಹುದು.

ಓಸ್ಟರ್‌ಸುಂಡ್‌ನ ಮೊದಲ ಕಪ್ಪಿನಲ್ಲಿ 12 ತಂಡಗಳಿದ್ದವು. 1860ರಲ್ಲಿ ಫ್ರಾನ್ಸಿಗೆ ಸೇರಿಹೋದ ನೀಸ್ ಕೌಂಟಿ, ಫೈನಲಿನಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಎಲ್ಲನ್ ವ್ಯಾನಿನ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿತು.

ಚರಿತ್ರೆ ಗಟ್ಟಿಯಾಗಿ ಉಸಿರಾಡಿದ್ದು ಸುಖುಮಿಯಲ್ಲಿ. ಅಬ್ಖಾಜಿಯಾ ಕಪ್ಪು ಸಮುದ್ರದ ದಂಡೆಯ ಪುಟ್ಟ ನಾಡು. ಜಾರ್ಜಿಯಾದಿಂದ ಬೇರೆಯಾಗಲು 1992–93ರಲ್ಲಿ ಯುದ್ಧ ಮಾಡಿತು. ಪಂದ್ಯಾವಳಿ ನಡೆದಾಗ ಅದನ್ನು ಒಪ್ಪಿದ್ದ ದೇಶಗಳು ನಾಲ್ಕು: ರಷ್ಯಾ, ನಿಕರಾಗುವಾ, ವೆನೆಜುವೆಲಾ, ನೌರು. ಅಲ್ಲಿಗೆ ಹೋಗುವ ತಂಡಗಳು ರಷ್ಯಾದ ಸೋಚಿಗೆ ಬಂದಿಳಿದು, ಪ್ಸೋವ್ ನದಿಯ ಗಡಿ ದಾಟಬೇಕಿತ್ತು. ಜಾರ್ಜಿಯಾದ ಕಾನೂನಿನಲ್ಲಿ ಆ ದಾರಿಯ ಪ್ರವೇಶ ಅಪರಾಧ. ಜಾರ್ಜಿಯಾ ಪ್ರತಿಭಟಿಸಿತು. ಆ ಪ್ರತಿಭಟನೆಯ ಹಿಂದಿನ ನೋವೂ ಸುಳ್ಳಲ್ಲ: ಯುದ್ಧದಲ್ಲಿ ಎರಡು ಲಕ್ಷದಷ್ಟು ಜಾರ್ಜಿಯನ್ನರು ಅಬ್ಖಾಜಿಯಾದ ಮನೆಮಠ ಬಿಟ್ಟು ಓಡಿದ್ದರು. ಸುಖುಮಿಯ ಮೈದಾನದಲ್ಲಿ ಚಪ್ಪಾಳೆ ಮೊಳಗಿದ ಆ ವಾರ, ಅದೇ ಊರಲ್ಲಿ ಹುಟ್ಟಿದ ಎಷ್ಟೋ ಜನರಿಗೆ ಅಲ್ಲಿ ಕಾಲಿಡುವ ಹಾಗಿರಲಿಲ್ಲ.

ಫೈನಲಿನಲ್ಲಿ ಅಬ್ಖಾಜಿಯಾಕ್ಕೆ ಎದುರಾಳಿಯಾಗಿ ಬಂದದ್ದು ಪಂಜಾಬ್. ಇಂಗ್ಲೆಂಡಿನಲ್ಲಿ 2014ರಲ್ಲಿ ಹುಟ್ಟಿದ ಈ ತಂಡದಲ್ಲಿ ಅಲ್ಲಿನ ಸಣ್ಣ ಲೀಗುಗಳ ಪಂಜಾಬಿ ಮೂಲದ ಆಟಗಾರರಿದ್ದರು; ಅವರು ಪ್ರತಿನಿಧಿಸಿದ್ದು 1947ರಲ್ಲಿ ಎರಡಾಗಿ ಸೀಳಿದ ಪಂಜಾಬನ್ನು ಒಟ್ಟಾಗಿ. ಪ್ರತ್ಯೇಕ ದೇಶದ ಬೇಡಿಕೆ ತಮ್ಮದಲ್ಲ ಎಂದು ಅವರು ಮತ್ತೆ ಮತ್ತೆ ಹೇಳಿದ್ದಾರೆ. 2016ರ ಜೂನ್ 5ರ ಆ ಪಂದ್ಯದಲ್ಲಿ ಎರಡನೆಯ ಅವಧಿಯಲ್ಲಿ ಅಮರ್ ಪುರೇವಾಲ್ ಗೋಲು ಹೊಡೆದರು. ಪಂಜಾಬ್ ಆ ಮುನ್ನಡೆಯನ್ನು ಹಿಡಿದುಕೊಂಡೇ ಆಡಿತು. ಇನ್ನೇನು ಸೀಟಿ ಊದಬೇಕು ಎನ್ನುವಷ್ಟರಲ್ಲಿ ಅಬ್ಖಾಜಿಯಾ ಸಮಮಾಡಿತು. ಐದೈದು ಒದೆತಗಳಲ್ಲೂ ಪೆನಾಲ್ಟಿಯ ತೀರ್ಮಾನವಾಗಲಿಲ್ಲ. ಕೊನೆಗೆ 6–5. ಜನ ಅಂಗಳಕ್ಕೆ ನುಗ್ಗಿದರು. ಮರುದಿನ ನಾಡಿಗೆಲ್ಲ ರಜೆ ಸಾರಲಾಯಿತು. ಜಗತ್ತಿನ ಹೆಚ್ಚಿನ ಭೂಪಟಗಳಲ್ಲಿ ಹೆಸರಿಲ್ಲದ ನಾಡು ಆ ದಿನ ಒಂದು ಕಪ್ಪಿನ ಒಡೆಯನಾಗಿತ್ತು.

2018ರ ಆತಿಥೇಯರು ಸೊಮಾಲಿಯಾದ ಬಂದರು ಪಟ್ಟಣ ಬರಾವಾದವರು. ಅವರ ವಲಸಿಗ ಸಮುದಾಯ ಲಂಡನ್ನಿನಲ್ಲಿರುವುದರಿಂದ ಆಟ ಅಲ್ಲಿ ನಡೆಯಿತು. 16 ತಂಡಗಳು ಬ್ರಾಮ್ಲಿ, ಸಟ್ಟನ್, ಎನ್‌ಫೀಲ್ಡ್‌ನಂಥ ಹೊರವಲಯದ ಸಣ್ಣ ಮೈದಾನಗಳಲ್ಲಿ ಆಡಿದವು. ಜಿಂಬಾಬ್ವೆಯ ಮಟಬೆಲೆಲ್ಯಾಂಡ್ ತಂಡ ಜನರಿಂದ ಚಂದಾ ಎತ್ತಿ ಬಂದಿತ್ತು. ಟಿಬೆಟ್ ಬಂದಿತ್ತು, ಅದರ ಹೆಸರು ಕೇಳಿ ಪ್ರಾಯೋಜಕರು ಹಿಂದೆ ಸರಿದರು ಎಂದು ಸಂಘಟಕರು ಹೇಳಿದರು. ತಮಿಳು ಈಳಂ, ಅಲ್ಜೀರಿಯಾದ ಕಬೀಲಿಯಾ, ಜಪಾನಿನ ಕೊರಿಯನ್ನರು, ಫಿಫಾ ಸೇರಿಸಿಕೊಳ್ಳದ ಸ್ವತಂತ್ರ ದೇಶ ತುವಾಲು ಎಲ್ಲ ಇದ್ದರು. ಹಳದಿ ಮತ್ತು ಕೆಂಪು ಕಾರ್ಡುಗಳ ನಡುವೆ ಹಸಿರು ಕಾರ್ಡೊಂದನ್ನು ಇಲ್ಲಿ ಬಳಸಿದರು: ರೆಫ್ರಿಯೊಡನೆ ವಾದಿಸಿದವನು, ಬೇಕೆಂದೇ ಬಿದ್ದವನು ಹೊರಗೆ ಹೋಗಬೇಕು, ಆದರೆ ತಂಡ ಅವನ ಬದಲಿಗೆ ಇನ್ನೊಬ್ಬನನ್ನು ಇಳಿಸಬಹುದು. ಬರಾವಾ ಒಬ್ಬ ಆಟಗಾರನನ್ನು ತಡವಾಗಿ ಸೇರಿಸಿಕೊಂಡಿತೆಂದು ಮುನಿದು ಎಲ್ಲನ್ ವ್ಯಾನಿನ್ ಪಂದ್ಯಾವಳಿಯ ನಡುವೆಯೇ ಎದ್ದು ಹೋಯಿತು.

ಗೆದ್ದದ್ದು ಯಾರೂ ಎಣಿಸದ ತಂಡ. ಉಕ್ರೇನಿನ ಪಶ್ಚಿಮ ತುದಿಯ ಹಂಗೇರಿಯನ್ನರ ತಂಡ ಕಾರ್ಪಾತಾಲ್ಯಾ, ಬೇರೆಯವರು ಬಿಟ್ಟ ಜಾಗಕ್ಕೆ ಕೊನೆಗಳಿಗೆಯಲ್ಲಿ ಬಂದದ್ದು. ಅವರ ನಾಡು ಇಪ್ಪತ್ತನೆಯ ಶತಮಾನವೊಂದರಲ್ಲೇ ಆಸ್ಟ್ರಿಯಾ-ಹಂಗೇರಿ, ಚೆಕೊಸ್ಲೊವಾಕಿಯಾ, ಹಂಗೇರಿ, ಸೋವಿಯತ್ ಒಕ್ಕೂಟ, ಉಕ್ರೇನ್ ಎಂದು ಐದು ಬಾವುಟ ಕಂಡಿದೆ. ಮನೆ ಕದಲದಿದ್ದರೂ ದೇಶ ಕದಲಿತು. ಎನ್‌ಫೀಲ್ಡ್‌ನ ಫೈನಲಿನಲ್ಲಿ ಉತ್ತರ ಸೈಪ್ರಸ್ ವಿರುದ್ಧ ಗೋಲಿಲ್ಲದ ಸಮಬಲ, ಪೆನಾಲ್ಟಿಯಲ್ಲಿ 3–2. ಗೆಲುವಿನ ಬೆಲೆ ಊರಿನಲ್ಲಿ ತೆರಬೇಕಾಯಿತು. ಉಕ್ರೇನಿನ ಕ್ರೀಡಾ ಸಚಿವ ಇಹೋರ್ ಜ್ದಾನೊವ್, ಆಟಗಾರರನ್ನು ಭದ್ರತಾ ಇಲಾಖೆ ವಿಚಾರಿಸಬೇಕೆಂದು ಕರೆಕೊಟ್ಟರು. ಫುಟ್ಬಾಲ್ ಸಂಸ್ಥೆ ನಿಷೇಧದ ದಾರಿ ಹಿಡಿಯಿತು. ಕ್ರಿಮಿಯಾವನ್ನು ಕಳೆದುಕೊಂಡ ದೇಶದ ಭಯ ಅರ್ಥವಾಗುವಂಥದೇ. ಆದರೂ ಚೆಂಡು ಒದ್ದ ತಪ್ಪಿಗೆ ಹುಡುಗರನ್ನು ಪ್ರತ್ಯೇಕತಾವಾದಿಗಳೆಂದು ಕರೆದದ್ದು ಅನ್ಯಾಯ.

2020ರ ಕಪ್ಪನ್ನು ಸೊಮಾಲಿಲ್ಯಾಂಡಿನಲ್ಲಿ ನಡೆಸಬೇಕೆಂದಿತ್ತು. ಅದು ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯಕ್ಕೆ ಹೋಗಿ, ಕೊರೊನಾದಿಂದ ರದ್ದಾಯಿತು. ಕುರ್ದಿಸ್ತಾನದಲ್ಲಿ 2024ಕ್ಕೆ ಗೊತ್ತಾಗಿದ್ದದ್ದೂ ನಡೆಯಲಿಲ್ಲ.

ಅದಕ್ಕೆ ಮುಂಚೆ, 2019ರ ಜೂನ್‌ನಲ್ಲಿ, ಕೊನಿಫಾದ ಯುರೋಪ್ ಕಪ್ಪು ನಗೊರ್ನೊ-ಕರಾಬಾಖ್‌ನ ಅರ್ಮೇನಿಯನ್ನರು ಆರ್ಟ್ಸಾಖ್ ಎಂದು ಕರೆದ ನಾಡಿನಲ್ಲಿ ನಡೆದಿತ್ತು. ಅಜರ್‌ಬೈಜಾನ್ ಪ್ರತಿಭಟಿಸಿತ್ತು. ದಕ್ಷಿಣ ಒಸ್ಸೆಟಿಯಾ ಗೆದ್ದಿತು. ಅದೇ ಸೀಮೆಯ ಅಗ್ದಾಮ್ ಪಟ್ಟಣದ ಅಜರ್‌ಬೈಜಾನಿ ಕ್ಲಬ್ ಕರಾಬಾಖ್, 1993ರ ಯುದ್ಧದಲ್ಲಿ ಊರು ಕಳೆದುಕೊಂಡು ಅಂದಿನಿಂದ ಬಾಕುವಿನಲ್ಲಿ ನೆಲೆ ಕಂಡುಕೊಂಡಿತ್ತು. ಮೂವತ್ತು ವರ್ಷದ ಮೇಲೆ ಸರದಿ ತಿರುಗಿತು. 2023ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನಿನ ಸೇನಾ ಕಾರ್ಯಾಚರಣೆಯ ಬೆನ್ನಿಗೆ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಮನೆಗೆ ಬೀಗ ಹಾಕಿ ಅರ್ಮೇನಿಯಾಕ್ಕೆ ಹೋದರು. 2019ರಲ್ಲಿ ಅತಿಥಿ ತಂಡಗಳನ್ನು ಬರಮಾಡಿಕೊಂಡ ಸ್ಟೆಪಾನಕೆರ್ಟ್ ಮೈದಾನ ಈಗಲೂ ಇದೆ. ಅಂದು ಅಲ್ಲಿ ಕೂತು ಆಟ ನೋಡಿದ ಊರವರಲ್ಲಿ ಬಹುತೇಕ ಯಾರೂ ಈಗ ಆ ಊರಿನಲ್ಲಿಲ್ಲ.