ಗುಡ್ಡ ಕಡಿದವರು ನಾವು

ಕೊಡಗಿನ ಐನ್‌ಮನೆಗಳಲ್ಲಿ ನಾವು ಕಂಬದ ಕೆತ್ತನೆಯನ್ನಷ್ಟೇ ಮೆಚ್ಚುತ್ತೇವೆ. ಕಟ್ಟಿದವರ ವಿವೇಕವನ್ನು ಗಮನಿಸುವುದಿಲ್ಲ. ಅಲ್ಲಿಯದೇ ಮಣ್ಣಿನ ಗೋಡೆ, ಅಲ್ಲಿಯದೇ ಮರ, ಮಳೆನೀರು ನಿಲ್ಲದ ಇಳಿಜಾರು ಮಾಡು, ಬೆಳಕಿಗೆ ನಡು ಅಂಗಳ. ಮಾಡಿಗೆ ಮೊದಲು ಹುಲ್ಲಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಹೆಂಚು ಬಂತು.

ಆಮೇಲೆ ಜೆಸಿಬಿ ಬಂತು. ರಸ್ತೆಗೂ ಮನೆಗೂ ಗುಡ್ಡವನ್ನು ನೆಟ್ಟಗೆ ಕಡಿದೆವು. 2018ರ ಆಗಸ್ಟಿನ ಮಳೆಗೆ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಸುತ್ತ ಗುಡ್ಡಗಳು ಜರಿದವು. ಭೂವಿಜ್ಞಾನಿಗಳು ಕಡಿದ ಇಳಿಜಾರುಗಳತ್ತ ಬೆರಳು ತೋರಿದರು. ಸಂತ್ರಸ್ತರಿಗೆ ಮಾದಾಪುರದ ಬಳಿಯ ಜಂಬೂರಿನಲ್ಲಿ ಸರ್ಕಾರ ಮನೆ ಕಟ್ಟಿಕೊಟ್ಟಿತು. ಸೂರು ಸಿಕ್ಕಿದ್ದು ಸಣ್ಣ ಮಾತಲ್ಲ.

ಐನ್‌ಮನೆಯವರಿಗೆ ಜಾಗ ಆರಿಸಲು ಭೂಮಿಯಿತ್ತು. ಎರಡು ಸೆಂಟಿನ ಬಡವನಿಗೆ ಆ ಆಯ್ಕೆ ಎಲ್ಲಿದೆ? ಅವನಿಗೂ ಗಟ್ಟಿ ನೆಲ ದೊರಕಿಸದೆ ನಾವು ಹಿರಿಯರ ವಿವೇಕವನ್ನು ಹೊಗಳಿ ಏನು ಫಲ?