ಒರೆಗೆ ಮರಳಿದ ಕತ್ತಿ



1987ರಲ್ಲಿ ಅಮೆರಿಕದಲ್ಲಿ ‘ಫೇಟಲ್ ಅಟ್ರಾಕ್ಷನ್’ ಎಂಬ ಚಿತ್ರ ತೆರೆಗೆ ಬಂದಿತು. ನಿರ್ದೇಶಕ ಏಡ್ರಿಯನ್ ಲೈನ್. ಮದುವೆಯಾದ ವಕೀಲನೊಬ್ಬ ಹೆಂಡತಿ ಊರಿನಲ್ಲಿಲ್ಲದಾಗ ಇನ್ನೊಬ್ಬ ಹೆಣ್ಣಿನ ಸಹವಾಸ ಮಾಡುತ್ತಾನೆ. ಅವನ ಮಟ್ಟಿಗೆ ಅದು ಅಲ್ಲಿಗೆ ಮುಗಿದ ಸಂಗತಿ. ಅವಳ ಮಟ್ಟಿಗೆ ಬಿಡಲಾಗದ ಗೀಳು. ಚಿತ್ರವನ್ನು ಮೊದಲು ತೆಗೆದಾಗ ಕೊನೆಯಲ್ಲಿ ಆ ಹೆಣ್ಣು ತನ್ನನ್ನು ತಾನೇ ಕೊಂದುಕೊಳ್ಳುತ್ತಿದ್ದಳು, ಕೊಲೆಯ ಆರೋಪ ಗಂಡಸಿನ ತಲೆಗೆ ಬರುತ್ತಿತ್ತು. ಬಿಡುಗಡೆಗೆ ಮುನ್ನ ಆಯ್ದ ಪ್ರೇಕ್ಷಕರಿಗೆ ತೋರಿಸಿದರು. ಅವರಿಗೆ ಅದು ಹಿಡಿಸಲಿಲ್ಲ. ಆಕೆಗೆ ಶಿಕ್ಷೆಯಾಗುವುದನ್ನು ಅವರು ಕಣ್ಣಾರೆ ನೋಡಬೇಕಾಗಿತ್ತು. ನಟಿ ಗ್ಲೆನ್ ಕ್ಲೋಸ್ ವಿರೋಧಿಸಿದರೂ ಕೊನೆಯ ಭಾಗವನ್ನು ಹೊಸದಾಗಿ ಚಿತ್ರೀಕರಿಸಲಾಯಿತು. ಈಗ ನಾವು ನೋಡುವ ಚಿತ್ರದಲ್ಲಿ ವಕೀಲನ ಹೆಂಡತಿಯೇ ಆಕೆಯನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಗಂಡಸು ಮನೆಗೆ ಮರಳುತ್ತಾನೆ.

ಇತಿಹಾಸದ ಪುಟದಲ್ಲಿ ಸಿನಿಮಾ ಮಾತೇಕೆ ಎಂದು ನೀವು ಕೇಳಬಹುದು. ಇಂತಹದೇ ಒಂದು ಕಥೆಯನ್ನು ಕನ್ನಡದ ಕವಿಯೊಬ್ಬ 1209ರಲ್ಲಿ ಬರೆದು ಮುಗಿಸಿದ್ದ. ಅವನು ಜನ್ನ, ಕಾವ್ಯ ‘ಯಶೋಧರ ಚರಿತೆ’. ನಿಮ್ಮಲ್ಲಿ ಅನೇಕರು ಅದರ ಕೆಲವು ಪದ್ಯಗಳನ್ನು ಪಠ್ಯದಲ್ಲಿ ಓದಿ, ಪರೀಕ್ಷೆಗೆ ಭಾವಾರ್ಥ ಬರೆದು ಮರೆತಿರುತ್ತೀರಿ. ಮತ್ತೊಮ್ಮೆ ತೆಗೆದು ನೋಡಿ ಎನ್ನುವುದಕ್ಕೆ ಕಾರಣವಿದೆ. ಕತ್ತಿ ಹಿಡಿದು ಮರೆಯಲ್ಲಿ ನಿಂತು ನೋಡುವ ಗಂಡನನ್ನು ಈ ಕಥೆ ಸುಮ್ಮನೆ ಮನೆಗೆ ಕಳುಹಿಸುವುದಿಲ್ಲ.

ಜನ್ನ ಹೊಯ್ಸಳ ಇಮ್ಮಡಿ ಬಲ್ಲಾಳನಿಂದ ‘ಕವಿಚಕ್ರವರ್ತಿ’ ಎನಿಸಿಕೊಂಡವನು. ಕಥೆ ಅವನ ಸ್ವಂತದ್ದಲ್ಲ. ಅವನಿಗಿಂತ ಎರಡೂವರೆ ಶತಮಾನ ಮೊದಲೇ, 959ರಲ್ಲಿ, ಸೋಮದೇವಸೂರಿ ಸಂಸ್ಕೃತದಲ್ಲಿ ‘ಯಶಸ್ತಿಲಕ ಚಂಪು’ವನ್ನು ರಚಿಸಿದ್ದ, ಅಪಭ್ರಂಶದಲ್ಲಿ ಪುಷ್ಪದಂತ, ಸಂಸ್ಕೃತದಲ್ಲಿ ವಾದಿರಾಜ ಬರೆದಿದ್ದರು. ಜೈನರು ಹೋದಲ್ಲೆಲ್ಲ ಈ ಕಥೆಯೂ ಹೋಯಿತು. ನೀವು ಹರದನಹಳ್ಳಿಯವರಾದರೆ ನಿಮ್ಮೂರನ್ನು ದಿವ್ಯಲಿಂಗೇಶ್ವರನ ಗುಡಿಯಿಂದಲೂ ತೋಂಟದ ಸಿದ್ಧಲಿಂಗಯತಿಗಳ ಹೆಸರಿನಿಂದಲೂ ಗುರುತಿಸುತ್ತೀರಿ. ಆದರೆ ಪಕ್ಕದ ಚಾಮರಾಜನಗರದಲ್ಲಿ, ಅದಿನ್ನೂ ಅರಿಕೊಠಾರವಾಗಿದ್ದಾಗ, ವಿಷ್ಣುವರ್ಧನನ ದಂಡನಾಯಕ ಪುಣಿಸ 1117ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇದೆ. ಮಲೆಯೂರಿನ ಕನಕಗಿರಿ ಹಳೆಯ ಜೈನಕ್ಷೇತ್ರ; ‘ರಾಜಾವಳೀ ಕಥೆ’ ಬರೆದ ದೇವಚಂದ್ರ ಅಲ್ಲಿಯವನು. ಜನ್ನನ ಕಾವ್ಯವನ್ನು ಅರಿತು ಕೇಳುವ ಜನ ಇಂತಹ ಸೀಮೆಗಳಲ್ಲಿ ಇದ್ದರು.

ಈಗ ಕಥೆ. ಉಜ್ಜಯಿನಿಯ ಅರಸ ಯಶೋಧರ, ಅವನ ರಾಣಿ ಅಮೃತಮತಿ. ಒಂದು ರಾತ್ರಿ ಆನೆಯ ಲಾಯದ ಕಡೆಯಿಂದ ಮಾವುತನೊಬ್ಬನ ಹಾಡು ಕೇಳಿಬರುತ್ತದೆ. ರಾಣಿಯ ಮನಸ್ಸು ಆ ದನಿಗೆ ಸಿಕ್ಕಿಬೀಳುತ್ತದೆ. ಅವನು ಯಾರೆಂದು ನೋಡಿಬರಲು ಸಖಿಯನ್ನು ಅಟ್ಟುತ್ತಾಳೆ. ಸಖಿ ಕಂಡದ್ದು ಅಷ್ಟಾವಂಕನನ್ನು, ವಿಕಾರದ ಮೂರ್ತಿಯನ್ನು. ಅಸಹ್ಯಪಟ್ಟುಕೊಂಡು ಬಂದು ಅಡಿಯಿಂದ ಮುಡಿಯವರೆಗೆ ಬಣ್ಣಿಸುತ್ತಾಳೆ. ರಾಣಿ ಕದಲುವುದಿಲ್ಲ. ಒಲಿದವಳಿಗೆ ರೂಪದ ಮಾತೇಕೆ ಎಂಬುದು ಅವಳ ನಿಲುವು.

ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವನಿಗೆ ಇಲ್ಲಿ ಒಂದು ವಿಷಯ ಕಣ್ಣಿಗೆ, ಅಲ್ಲ, ಕಿವಿಗೆ ಬೀಳುತ್ತದೆ. ಗೀಳು ಹುಟ್ಟುವುದು ನೋಟದಿಂದಲ್ಲ, ಶಬ್ದದಿಂದ. ನಮ್ಮ ಚಿತ್ರಗಳಲ್ಲಿ ನಾಯಕ ನಾಯಕಿ ಕಣ್ಣಲ್ಲಿ ಕಣ್ಣಿಟ್ಟು ಸೋಲುತ್ತಾರೆ. ಜನ್ನ ಕ್ಯಾಮೆರಾವನ್ನು ಕತ್ತಲಲ್ಲೇ ಇಟ್ಟು, ಧ್ವನಿಯನ್ನಷ್ಟೇ ತೆರೆದಿಟ್ಟಿದ್ದಾನೆ.

ರಾಣಿಯ ಒಲವು ತಗ್ಗಿದ್ದು ಅರಸನಿಗೆ ತಿಳಿಯುತ್ತದೆ. ಒಂದು ರಾತ್ರಿ ನಿದ್ದೆ ಬಂದವನಂತೆ ಮಲಗುತ್ತಾನೆ. ಅವಳು ಮೆಲ್ಲನೆ ಎದ್ದು ಹೊರಟಾಗ ಕತ್ತಿ ಹಿಡಿದು ಹಿಂಬಾಲಿಸುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುತ್ತಾನೆ. ಅವಳೋ ಹೊಡೆತ ತಿಂದೂ ಅವನನ್ನೇ ಓಲೈಸುತ್ತಾಳೆ. ಮರೆಯಲ್ಲಿದ್ದ ಅರಸ ಕತ್ತಿ ಎತ್ತುತ್ತಾನೆ. ಇಬ್ಬರ ತಲೆಯೂ ಒಂದೇ ಏಟಿಗೆ ಉರುಳಬೇಕಾದ ಗಳಿಗೆ. ಆದರೆ ಹೆಣ್ಣನ್ನೂ ಇಂಥವನನ್ನೂ ಕೊಂದು ತನಗೇನು ಕೀರ್ತಿ ಎಂದುಕೊಂಡು ಕೈ ತಡೆಯುತ್ತಾನೆ. ಬಂದು ಮಲಗುತ್ತಾನೆ. ಸ್ವಲ್ಪ ಹೊತ್ತಿಗೆ ಅವಳೂ ಬಂದು ಏನೂ ಆಗದವಳಂತೆ ಪಕ್ಕದಲ್ಲಿ ಮಲಗುತ್ತಾಳೆ. ಇಡೀ ಕಾವ್ಯದಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ಈ ಮಂಚ. ಇಬ್ಬರೂ ಎಚ್ಚರವಾಗಿದ್ದಾರೆ, ಒಬ್ಬರಿಗೆ ಮಾತ್ರ ಎಲ್ಲ ಗೊತ್ತಿದೆ.

ಮರುದಿನ ಅರಸ ವಿನೋದವೆಂಬಂತೆ ಅವಳನ್ನು ಹೂವಿನಿಂದ ಹೊಡೆಯುತ್ತಾನೆ. ರಾತ್ರಿ ಮಾವುತನ ಪೆಟ್ಟು ತಾಳಿದವಳು ಹೂವಿನ ಪೆಟ್ಟಿಗೆ ಮೂರ್ಛೆ ಹೋಗುತ್ತಾಳೆ! ಪತ್ತೇದಾರಿ ಕಾದಂಬರಿಯಲ್ಲಿ ಸುಳಿವು ಹೀಗೆಯೇ ಸಣ್ಣದಾಗಿರಬೇಕು.

ಸಾಮಾನ್ಯ ಥ್ರಿಲ್ಲರ್ ಆಗಿದ್ದರೆ ಮುಂದೆ ಸೇಡು. ಜನ್ನ ಅರಸನನ್ನು ತಾಯಿ ಚಂದ್ರಮತಿಯ ಬಳಿಗೆ ಕಳುಹಿಸುತ್ತಾನೆ. ಮಗನ ಮುಖ ಬಾಡಿದ್ದನ್ನು ಕಂಡು ಆಕೆ ಕಾರಣ ಕೇಳುತ್ತಾಳೆ. ನಡೆದದ್ದನ್ನು ಹೇಳಲಾರದೆ ಅವನು ಕೆಟ್ಟ ಕನಸು ಕಂಡೆನೆಂದು ಮರೆಸುತ್ತಾನೆ. ಹಾಗಾದರೆ ದೇವಿಗೆ ಪ್ರಾಣಿಬಲಿ ಕೊಡು ಎನ್ನುತ್ತಾಳೆ ತಾಯಿ. ಕೊಲ್ಲಲಾರೆ ಎನ್ನುತ್ತಾನೆ ಮಗ. ಕೊನೆಗೆ ಒಂದು ರಾಜಿ: ಹಿಟ್ಟಿನಿಂದ ಕೋಳಿ ಮಾಡಿ ಅದನ್ನೇ ಕಡಿಯುವುದು.

ಇದು ಯಾವುದೋ ಕಾಲದ ವಿಚಿತ್ರವೆಂದು ತಿಳಿಯಬೇಡಿ. ಆಯುಧಪೂಜೆಯಲ್ಲಿ ಬೂದುಗುಂಬಳಕಾಯಿಗೆ ಕುಂಕುಮ ಸವರಿ ಒಡೆಯುವುದನ್ನು ನೀವು ನೋಡಿದ್ದೀರಿ. ಮಾಧ್ವರಲ್ಲಿ ಯಜ್ಞಕ್ಕೆ ಹಿಟ್ಟಿನ ಪಶು ಬಳಸುವ ಪದ್ಧತಿಯಿದೆ. ಜೀವವನ್ನು ಉಳಿಸುವ ಜಾಣತನ ಅದು. ಆದರೆ ಜೈನರು ಕೇಳಿದ ಪ್ರಶ್ನೆ ಬೇರೆ: ಕಡಿದವನ ಮನಸ್ಸಿನಲ್ಲಿ ಆಗ ಏನಿತ್ತು?

ಅರಸ ಕತ್ತಿ ಬೀಸುತ್ತಾನೆ. ಹಿಟ್ಟಿನ ಕೋಳಿಯೊಳಗೆ ಬೆಂತರವೊಂದು ಸೇರಿಕೊಂಡಿರುತ್ತದೆ. ಕಡಿದ ಕೋಳಿ ಕೂಗುತ್ತದೆ. ವಿಜ್ಞಾನ ಓದಿ ಬಂದವನಾದ ನನಗೆ ಬೆಂತರದಲ್ಲಿ ನಂಬಿಕೆಯಿಲ್ಲ. ಹಿಟ್ಟು ಹಿಟ್ಟೇ. ಆದರೂ ಆ ಕೂಗು ನನಗೆ ಸುಳ್ಳೆನಿಸುವುದಿಲ್ಲ. ಹಿಂದಿನ ರಾತ್ರಿ ಎತ್ತಿ ಇಳಿಸಿದ ಕತ್ತಿಯೇ ಅಲ್ಲವೆ ಇದು? ಹೆಂಡತಿಯ ಮೇಲೆ, ಮಾವುತನ ಮೇಲೆ ಬೀಳದೆ ಒರೆಗೆ ಮರಳಿದ ಕತ್ತಿ, ಎದುರಾಡದ ಒಂದು ಗುರಿಯನ್ನು ಹುಡುಕಿಕೊಂಡಿತು. ಹೀಗೆಂದು ಜನ್ನ ಬಾಯಿಬಿಟ್ಟು ಹೇಳಿಲ್ಲ, ಇದು ನನ್ನ ಓದು. ಶಾಸ್ತ್ರದಲ್ಲಿ ಅದಕ್ಕಿರುವ ಹೆಸರು ‘ಸಂಕಲ್ಪ ಹಿಂಸೆ’, ಕೊಲ್ಲಬೇಕೆಂದು ಮನಸ್ಸು ಮಾಡಿದ ಹಿಂಸೆ.

ಅನಂತರ ಅರಸ ವಿರಕ್ತನಾಗಿ ಮಗ ಯಶೋಮತಿಗೆ ಪಟ್ಟ ಕಟ್ಟಲು ಹೊರಟಾಗ ಅಮೃತಮತಿ ಊಟಕ್ಕೆ ಕರೆದು ಅವನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ನಮ್ಮ ಲೆಕ್ಕದಲ್ಲಿ ಕೊಲೆಯಾದವರು ಅವರು. ಜನ್ನನ ಲೆಕ್ಕದಲ್ಲಿ ಅವರ ಶಿಕ್ಷೆ ಅಲ್ಲಿಂದ ಆರಂಭ. ನವಿಲು ಮತ್ತು ನಾಯಿಯಾಗಿ ಹುಟ್ಟಿ, ಮುಂದೆಯೂ ಪ್ರಾಣಿಜನ್ಮಗಳಲ್ಲೇ ಅಲೆದು, ತಮ್ಮವರ ಕೈಯಲ್ಲೇ ಸಾಯುತ್ತಾ ಹೋಗುತ್ತಾರೆ. ಕೊನೆಗೆ ತಾಯಿ ಮಗ ಕೋಳಿಗಳೇ ಆಗುತ್ತಾರೆ. ಅವು ಕೂಗಿದ ದನಿಯ ಜಾಡು ಹಿಡಿದು ಯಶೋಮತಿ ಬಾಣ ಬಿಡುತ್ತಾನೆ. ತಂದೆಯನ್ನೂ ಅಜ್ಜಿಯನ್ನೂ ಕೊಂದೆನೆಂಬ ಅರಿವು ಅವನಿಗಿಲ್ಲ. ಹಾಡಿನಿಂದ ಹುಟ್ಟಿದ ಅನಾಹುತ ಕೂಗಿನಿಂದ ಕೊನೆಗೊಳ್ಳುತ್ತದೆ.

ಅಮೃತಮತಿಯನ್ನು ಜನ್ನ ಬಿಟ್ಟನೆಂದು ತಿಳಿಯಬೇಡಿ. ಅವಳು ಹೋಗುವುದು ನರಕಕ್ಕೇ. ಅವಳ ಮೋಹವನ್ನು ಅಷ್ಟು ಒಳಹೊಕ್ಕು ಬರೆದವನು ತೀರ್ಪಿನಲ್ಲಿ ಮಾತ್ರ ತನ್ನ ಕಾಲದವನೇ. ಅವಳಿಗೆ ಮಾತು ಕೊಟ್ಟವರು ಗಿರೀಶ ಕಾರ್ನಾಡರು. ಹದಿಹರೆಯದಲ್ಲೇ ಈ ಕಥೆ ಅವರನ್ನು ಹಿಡಿದಿತ್ತು. ‘ಹಿಟ್ಟಿನ ಹುಂಜ’ ನಾಟಕದಲ್ಲಿ ಅವರು ರಾಣಿಯನ್ನೇ ಜೈನಳನ್ನಾಗಿ ಮಾಡಿ, ನಾಲ್ಕೇ ಪಾತ್ರಗಳನ್ನು ಒಂದೇ ರಾತ್ರಿಯಲ್ಲಿ ಎದುರುಬದುರು ನಿಲ್ಲಿಸಿದರು. ಅದರ ಇಂಗ್ಲಿಷ್ ರೂಪ ‘ಬಲಿ’ 2002ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ರಂಗವೇರಿತು.

ಬೆಳ್ಳಿತೆರೆಯಲ್ಲಿ ಕನ್ನಡವು ಇಂತಹ ಹೆಣ್ಣಿನ ಒಳಮನಸ್ಸಿಗೆ ಹತ್ತಿರವಾದದ್ದು 1973ರ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದಲ್ಲಿ. ಭಾರತೀಸುತರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ. ತರುಣನಿಗೆ ಮನಸೋಲುವ ಸೈನ್ಯಾಧಿಕಾರಿಯ ಪತ್ನಿಯಾಗಿ ಜಯಂತಿ. ಎಡಕಲ್ಲು ಗುಡ್ಡ ನಿಮಗೆ ದೂರವೇನಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾದು ಸುಲ್ತಾನ್ ಬತ್ತೇರಿಗೆ ಹೋಗುವ ದಾರಿ ಹಿಡಿದರೆ ಸಿಗುತ್ತದೆ.

ಕಾಯಿದೆಯ ಮಾತೊಂದನ್ನು ಸೇರಿಸಬೇಕು. 1860ರ ಭಾರತೀಯ ದಂಡಸಂಹಿತೆಯ 497ನೇ ವಿಧಿ ಪರಪುರುಷನಿಗೆ ಮಾತ್ರ ಶಿಕ್ಷೆ ವಿಧಿಸುತ್ತಿತ್ತು, ಗಂಡನ ಒಪ್ಪಿಗೆಯಿದ್ದರೆ ಅದು ಅಪರಾಧವೇ ಅಲ್ಲ ಎನ್ನುತ್ತಿತ್ತು. ಅಂದರೆ ಹೆಂಡತಿ ಗಂಡನ ಸೊತ್ತು! 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ವಿಚ್ಛೇದನಕ್ಕೆ ಅದು ಕಾರಣವಾಗಬಲ್ಲುದು, ಸೆರೆಮನೆಗೆ ಅಲ್ಲ.

ಈ ಕಥೆಯನ್ನೆಲ್ಲ ಹೇಳುವವನು ಯಾರು ಗೊತ್ತೆ? ಅಭಯರುಚಿ ಎಂಬ ಹುಡುಗ. ಯಶೋಮತಿಯ ಬಾಣಕ್ಕೆ ಸತ್ತ ಕೋಳಿಗಳು ಅವನ ಮಕ್ಕಳಾಗಿ, ಅವಳಿಗಳಾಗಿ ಹುಟ್ಟಿದ್ದವು. ಅಣ್ಣ ಅಭಯರುಚಿ, ತಂಗಿ ಅಭಯಮತಿ. ಮಾರಿದತ್ತನೆಂಬ ಅರಸನ ಆಳುಗಳು ಇವರಿಬ್ಬರನ್ನೂ ಚಂಡಮಾರಿಯ ಗುಡಿಗೆ ಬಲಿಗೆಂದು ಹಿಡಿದು ತಂದಿರುತ್ತಾರೆ. ಸುತ್ತಲೂ ಕೊಲ್ಲಲು ಕೂಡಿಹಾಕಿದ ಪ್ರಾಣಿಗಳು. ಹುಡುಗ ಹೆದರದೆ ನಿಂತಿರುವುದನ್ನು ಕಂಡು ಮಾರಿದತ್ತ, ನೀನು ಯಾರು ಎಂದು ಕೇಳುತ್ತಾನೆ. ಆಗ ಅವನು ಹಾಡಿನಿಂದ ಹಿಡಿದು ಬಾಣದವರೆಗೆ ಎಲ್ಲವನ್ನೂ ಹೇಳುತ್ತಾನೆ. ಕೇಳುತ್ತಿರುವ ಅರಸನ ಕೈಯಲ್ಲಿಯೂ ಕತ್ತಿಯಿದೆ. ಕಥೆ ಮುಗಿಯುವ ಹೊತ್ತಿಗೆ ಅವನು ಅದನ್ನು ಕೆಳಗಿಟ್ಟು, ಕೂಡಿಹಾಕಿದ ಪ್ರಾಣಿಗಳನ್ನು ಬಿಡಿಸುತ್ತಾನೆ.